ಒಳಚಿಲಕ ಕೀಳುತ್ತಿದ್ದ ಹೆಡ್‌ಬಾಯಿ

ಪ್ರತಿ ಜೂನ್‌ನಲ್ಲಿ ನಮ್ಮ ಹೆಡ್‌ಬಾಯಿಯ, ಅಂದರೆ ಮುಖ್ಯೋಪಾಧ್ಯಾಯಿನಿಯ, ಎಡಗೈ ಹೆಬ್ಬೆರಳಿನ ಉಗುರು ಕರ್ರಗೆ ಕಂದಿರುತ್ತಿತ್ತು. ಸ್ಕ್ರೂಡ್ರೈವರ್ ಜಾರಿ ಬಡಿದ ಗುರುತು. ಮುಂಬಯಿಯ ಭಾಂಡುಪ್‌ನ ನಮ್ಮ ಕನ್ನಡ ಹೈಸ್ಕೂಲನ್ನು ಮೇ ರಜೆಯಲ್ಲಿ ಕಮಿಟಿಯವರು ಮದುವೆಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಬೀಗರು ಬಟ್ಟೆ ಬದಲಿಸಲು ಬೇಕೆಂದು ಕೋಣೆಗಳಿಗೆಲ್ಲ ಒಳಗಿನಿಂದ ಚಿಲಕ ಹಾಕಿಸುತ್ತಿದ್ದರು. ಶಾಲೆ ತೆರೆಯುವ ಹಿಂದಿನ ದಿನ ಹೆಡ್‌ಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲ್ ಹತ್ತಿ, ಒಂದೊಂದನ್ನೇ ಕೀಳುತ್ತಿದ್ದರು. ಪ್ಯೂನ್ ಮುಂದೆ ಬಂದರೆ, "ತುಮ್ ಸ್ಟೂಲ್ ಪಕಡೋ" ಎಂದು ಗದರಿ ಸ್ಟೂಲ್ ಹಿಡಿಸುತ್ತಿದ್ದರು. ಕಿತ್ತ ಚಿಲಕಗಳು ಅವರ ಕಪಾಟಿನ ಬಿಸ್ಕೀಟು ಡಬ್ಬಿ ಸೇರುತ್ತಿದ್ದವು. ಉಳಿಯುತ್ತಿದ್ದದ್ದು ಪಾಯಿಖಾನೆಯ ಚಿಲಕ ಮಾತ್ರ.

ನನಗೆ ಆಕೆಯನ್ನು ಕಂಡರೆ ಆಗುತ್ತಿರಲಿಲ್ಲ. ತೀರಿಕೊಂಡವರನ್ನು ಹೊಗಳಿ ಬರೆದದ್ದೇ ಓದಬೇಕು ಎನ್ನುವವರು ಬೇರೆ ಪುಟ ತಿರುವಿಕೊಳ್ಳಲಿ.

ಟೀಚರ್ಸ್ ರೂಮಿಗೂ ಚಿಲಕವಿಲ್ಲ ಎಂದರೆ ಏನೆಂದು ಮುಂಬಯಿಯ ಮಳೆಯಲ್ಲಿ ಲೋಕಲ್ ಇಳಿದು ಬಂದವರಿಗೇ ಗೊತ್ತು. ತೊಯ್ದು ತೊಪ್ಪೆಯಾದ ಸೀರೆ ಬದಲಿಸಬೇಕಾದರೆ ಒಬ್ಬಳು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಒಮ್ಮೆ ನಾನು ನಿಂತಿದ್ದಾಗ ಹೆಡ್‌ಬಾಯಿ ಬಂದರು. ನಾನು ಅಡ್ಡ ನಿಂತದ್ದಕ್ಕೆ, "ಅಗದಿ ಛಲೋ. ಚಿಲಕಕ್ಕಿಂತ ಮನಷಾರು ಬೇಷಿ. ಕೇಳಿದ್ರ ಉತ್ತರಾ ಕೊಡ್ತಾರ" ಎಂದು ಹೋದರು. ನನಗೆ ಮೈಯೆಲ್ಲ ಉರಿಯಿತು.

ಆಕೆ ವಿಜಾಪುರದ ಕಡೆಯವರು, ನಾನು ಮೈಸೂರಿನವಳು. ಗಂಡನ ಬ್ಯಾಂಕ್ ನೌಕರಿಯ ಹಿಂದೆ ಮುಂಬಯಿಗೆ ಬಂದು ಆ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಒಮ್ಮೆ ಆಕೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು ಪಾಠ ಕೇಳಿ, ಎಲ್ಲರೆದುರೇ ಹೇಳಿದ್ದರು: "ಮಾತಿಗೆ ಭಾಳ ಸಕ್ಕರಿ ಹಾಕ್ತೀರಿ. ಹುಡುಗೂರು ನಿದ್ದಿ ಹೊಡದಾವ." ಹೀಗೆ ಮಾತಾಡುವವರನ್ನು ಹೇಗೆ ಪ್ರೀತಿಸುವುದು?

ಚಿಲಕ ಕೀಳುವ ದಿನವೇ ಟೀಚರುಗಳ ಸಭೆ. ನಮ್ಮನ್ನು ಮಕ್ಕಳ ಬೆಂಚುಗಳಲ್ಲಿ ಕೂಡಿಸುತ್ತಿದ್ದರು. ಮೊಣಕಾಲು ಮಡಿಚಿ, ಹೊಟ್ಟೆ ಒಳಗೆಳೆದುಕೊಂಡು ಕೂರಬೇಕು. ಚಹಾ ಕೂಡ ಇಲ್ಲ. ಆಮೇಲೆ ಹೆಡ್‌ಬಾಯಿಯ ಅಪ್ಪಣೆಗಳು: ಮೊದಲ ವಾರ ಪುಸ್ತಕ ಮುಟ್ಟಬೇಡಿ, ಯಾರಿಗೆ ಓದಲು ಬರುವುದಿಲ್ಲ ಎಂದು ಹುಡುಕಿ. ಬೆತ್ತವಿದ್ದವರು ಈಗಲೇ ಮೇಜಿನ ಮೇಲಿಡಿ. ಮಗುವಿನ ಜೊತೆ ಒಬ್ಬರೇ ಇದ್ದರೆ ಬಾಗಿಲು ಗೋಡೆಗೆ ತಾಗುವಷ್ಟು ತೆರೆದಿರಬೇಕು. ಕೊನೆಗೆ ಪ್ರತಿವರ್ಷವೂ ಅದೇ ಮಾತು: "ಹುಡುಗೂರು ತಮಗ ಹಿಂಗಾತು ಅಂತ ಬಂದು ಹೇಳಿದ್ರ ಬಾಯಿ ಮುಚ್ಚಿಕೊಂಡು ಕೇಳ್ರಿ. ಎರಡನೇ ಸಲ ಹೇಳಸಬ್ಯಾಡ್ರಿ. ಒಮ್ಮೆ ಹೇಳೂದರಾಗ ಅದರ ಜೀಂವಾ ಹೋಗಿರ್ತದ."

"ಪಾಠ ಮಾತ್ರ ಹತ್ತು ಸಲ ಹೇಳಿಸಬಹುದು" ಎಂದು ಒಂದು ವರ್ಷ ಲೆಕ್ಕದ ಸರ್ ನನ್ನ ಹಿಂದಿನಿಂದ ಪಿಸುಗುಟ್ಟಿದರು. ಬೆಂಚಿನ ಸಾಲೆಲ್ಲ ಕಿಸಕ್ಕೆಂದಿತು. ನಾನೂ ನಕ್ಕೆ. ಲೆಕ್ಕದ ಸರ್ ಎಂದರೆ ಎಲ್ಲರಿಗೂ ಇಷ್ಟ. ದೀಪಾವಳಿಗೆ ಚಕ್ಕುಲಿ ತರುತ್ತಿದ್ದರು, ಎಲ್ಲರ ಟ್ರೇನ್ ಪಾಸು ಮಾಡಿಸಲು ತಾವೊಬ್ಬರೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಪಾಲಕರು ಅವರನ್ನು ದೇವರಂಥ ಮನುಷ್ಯ ಎನ್ನುತ್ತಿದ್ದರು.

ನನ್ನ ಮಗಳು ಅದೇ ಶಾಲೆಯಲ್ಲಿ ಎಂಟನೇ ಇಯತ್ತೆಯಲ್ಲಿದ್ದಳು. ಮಾರ್ಚ್ ತಿಂಗಳ ಒಂದು ಸಂಜೆ, ಮಕ್ಕಳೆಲ್ಲ ಹೋದ ಮೇಲೆ, ನಾನು ಟೀಚರ್ಸ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮಗಳು ವರಾಂಡದಲ್ಲಿ ಓಡಿ ಬಂದಳು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಹೆಡ್‌ಬಾಯಿ ಅಲ್ಲೇ ಕುಂಡಗಳಿಗೆ ನೀರು ಹಾಕುತ್ತಿದ್ದರು.

"ಅಮ್ಮಾ, ಲೆಕ್ಕದ ಸರ್ ಮ್ಯಾಪ್ ರೂಮಿಗೆ ಕರದ್ರು. ಡೌಟ್ಸ್ ಹೇಳ್ತೀನಿ ಅಂತ. ಆಮೇಲೆ ದರವಾಜಾ ಬಂದ್ ಮಾಡಿದ್ರು. ನನ್ನನ್ನ ಹಿಡ್ಕೊಂಡ್ರು ಅಮ್ಮಾ. ನಾನು ಧಕ್ಕಾ ಕೊಟ್ಟೆ, ಚಿಲಕ ಇರ್ಲಿಲ್ಲ, ಡೋರ್ ಖುಲ್ ಗಯಾ, ಓಡಿ ಬಂದೆ."

ನಾನು ಪೆನ್ನು ಬಿಟ್ಟು ಎದ್ದೆ. "ಏನಂದೆ? ಸರಿಯಾಗಿ ಹೇಳು, ಎಲ್ಲಿ ಹಿಡ್ಕೊಂಡ್ರು?" ಎಂದು ಬಾಯಿ ತೆರೆದೆ. ಹೆಡ್‌ಬಾಯಿ ನೀರಿನ ಡಬ್ಬವನ್ನು ಕೆಳಗಿಟ್ಟು ನಮ್ಮಿಬ್ಬರ ನಡುವೆ ಬಂದು ನಿಂತರು.

"ಆಕಿ ಹೇಳ್ಯಾಳ. ಸಾಕು."

ನನ್ನನ್ನು ಸಮಾಧಾನ ಮಾಡಲಿಲ್ಲ. ಅಳು ಬಂದಾಗ, "ಅಳೂದು ಮನ್ಯಾಗ ಮಾಡ್ರಿ, ಈಗ ಹುಡುಗಿ ಕೈ ಹಿಡೀರಿ" ಎಂದರು. ಮ್ಯಾಪ್ ರೂಮಿಗೆ ತಾವೇ ಹೋಗಿ ಮಗಳ ಚಪ್ಪಲಿ ತಂದು, ಬಗ್ಗಿ, ಅವಳ ಕಾಲ ಬಳಿ ಇಟ್ಟರು. ಪೊಲೀಸರ ಹತ್ತಿರ ಹೋಗೋಣವೇ ಎಂದು ಅವಳನ್ನೇ ಕೇಳಿದರು. ಅವಳು ಬೇಡವೆಂದು ತಲೆಯಾಡಿಸಿದಳು. ಮನೆಯಲ್ಲಿ ನನ್ನ ಗಂಡನೂ ಬೇಡವೆಂದರು. ಆ ಕಾಲದಲ್ಲಿ ಯಾರೂ ಬೇಕೆನ್ನುತ್ತಿರಲಿಲ್ಲ.

ಮರುದಿನ ಕಮಿಟಿ ಸೇರಿತು. ನನ್ನನ್ನೂ ಕರೆದಿದ್ದರು. ಲೆಕ್ಕದ ಸರ್ ಮೂಲೆಯ ಕುರ್ಚಿಯಲ್ಲಿ ಕೈ ಕಟ್ಟಿ ಕೂತಿದ್ದರು. ಹುಡುಗಿ ಪರೀಕ್ಷೆಗೆ ಹೆದರಿ ಕಥೆ ಕಟ್ಟಿದ್ದಾಳೆ ಎಂದು ಆಗಲೇ ಹೇಳಿಯಾಗಿತ್ತು. ಅಧ್ಯಕ್ಷರು ಉಡುಪಿ ಕಡೆಯವರು, ಮಾತಿನಲ್ಲಿ ಬೆಣ್ಣೆ.

"ನೋಡಿ ಬಾಯಿ, ಹುಡುಗಿ ಬಂದು ನಮ್ಮೆದುರು ಒಂದು ಸಲ ಹೇಳಲಿ ಮಾರಾಯ್ರೆ. ಇಬ್ಬರದ್ದೂ ಕೇಳ್ಬೇಕಲ್ವಾ? ನಾವೆಂತ ಹುಲಿಯಾ ತಿನ್ಲಿಕ್ಕೆ?"

"ಹುಲಿ ಆಗಿದ್ರ ಕರ್ಕೊಂಡು ಬರ್ತಿದ್ದೆ" ಎಂದರು ಹೆಡ್‌ಬಾಯಿ. "ಹುಲಿ ಪ್ರಶ್ನಿ ಕೇಳೂದಿಲ್ಲ. ಆಕಿ ಹೇಳಿದ್ದು ನಾ ಕೇಳೀನಿ. ನನ್ನ ಕೇಳ್ರಿ."

ಅಷ್ಟು ಜನ ಗಂಡಸರ ನಡುವೆ ನನ್ನ ಮಗಳನ್ನು ನಿಲ್ಲಿಸಿ, ಎಲ್ಲಿ, ಹೇಗೆ ಎಂದು ಕೇಳುವುದು ನನ್ನ ಕಣ್ಣಿಗೆ ಕಟ್ಟಿತು. ಅಧ್ಯಕ್ಷರು ಬೆಣ್ಣೆ ಬಿಟ್ಟರು. ಹುಡುಗಿಯನ್ನು ಕರೆಸುವುದಿಲ್ಲವಾದರೆ ಹೆಡ್‌ಬಾಯಿ ಕುರ್ಚಿ ಬಿಡಬೇಕು ಎಂದರು. ಬಾಡಿಗೆಗೆ ಹಾಕಿಸಿದ ಚಿಲಕ ವರ್ಷವೂ ಕಿತ್ತವಳ ಮೇಲಿನ ಸಿಟ್ಟು ಅಲ್ಲಿ ಎಲ್ಲರ ಮುಖದಲ್ಲೂ ಇತ್ತು.

ಆಕೆ ಸೊಂಟದ ಕೀಲಿಗೊಂಚಲು ತೆಗೆದು ಮೇಜಿನ ಮೇಲಿಟ್ಟರು. "ಬಿಡ್ತೀನಿ. ಆದ್ರ ಅಂವಾ ಮುಂದ, ನಾ ಹಿಂದ. ಅಂವಾ ಇಲ್ಲೇ ಉಳದ್ರ ನಾಳೆಯಿಂದ ಗೇಟಿನ್ಯಾಗ ನಿಂತು ಬಂದ ಬಂದ ಪಾಲಕರಿಗೆಲ್ಲಾ ಹೇಳ್ತೀನಿ. ಹುಡುಗಿ ಹೆಸರು ಹೇಳೂದಿಲ್ಲ. ಅವಂದು ಹೇಳ್ತೀನಿ, ನಿಮ್ಮದೂ ಹೇಳ್ತೀನಿ."

ಆ ದಿನವೇ ಆತ ಹೋದ. ಶಾಲೆಯ ವರ್ಷ ಮುಗಿದ ಮೇಲೆ ಆಕೆಯೂ ಹೋದರು. ಆ ಮೇ ತಿಂಗಳ ಬಿಸಿಲಿನಲ್ಲಿ ಜೋಗೇಶ್ವರಿ, ಬೈಕುಲ್ಲಾ ಎಂದು ಲೋಕಲ್ ಬದಲಿಸುತ್ತ, ಕನ್ನಡ ಕಲಿಸುವ ಶಾಲೆ ಎಲ್ಲಿದೆಯೋ ಅಲ್ಲಿಗೆಲ್ಲ ಹೋಗಿ, ಅವನನ್ನು ಸೇರಿಸಿಕೊಳ್ಳಬೇಡಿ ಎಂದು ಹೇಳಿ ಬಂದರಂತೆ. ಆಕೆ ನನಗೆ ಹೇಳಲಿಲ್ಲ. ಬೈಕುಲ್ಲಾದ ಟೀಚರೊಬ್ಬರು ಹೇಳಿದರು.

ನಾನು ಪೇಡೆ ತೆಗೆದುಕೊಂಡು ಆಕೆಯ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. "ನನಗ್ಯಾಕ್ರಿ? ಓಡಿದಾಕಿ ನಿಮ್ಮ ಮಗಳು. ಆಕಿಗೆ ತಿನಸ್ರಿ. ಮತ್ತ ನಿಮ್ಮ ಬೆಳಕಿನ ಪಾಠ ಇನ್ನೂ ಸಪ್ಪಗ ಅದ, ಈ ಸಲ ಸುಧಾರಸ್ರಿ." ಪೇಡೆ ಡಬ್ಬಿ ಹಿಡಿದುಕೊಂಡು ಮೆಟ್ಟಿಲಿಳಿಯುವಾಗ ನನಗೆ ಕೃತಜ್ಞತೆಗಿಂತ ಸಿಟ್ಟೇ ಹೆಚ್ಚಾಗಿತ್ತು. ಅದು ಪೂರ್ತಿ ಇಳಿದಿಲ್ಲ. ಒರಟು ಹೆಂಗಸು. ನಾನು ಬದುಕಿರುವವರೆಗೆ ಆಕೆಗೆ ಋಣಿ, ಅದೂ ನನಗೆ ಸಿಟ್ಟು ತರಿಸುತ್ತದೆ.

ಕೆಲವು ವರ್ಷಗಳ ನಂತರ ಆಕೆ ತೀರಿಕೊಂಡರು. ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಮಗಳು ಆಗ ಕಾಲೇಜಿನಲ್ಲಿದ್ದಳು, ತಾನೂ ಬರುತ್ತೇನೆಂದಳು. ಅದೇ ಅಧ್ಯಕ್ಷರು ಫೋಟೋಗೆ ಹಾರ ಹಾಕಿ, "ಮಾತೃಹೃದಯಿ" ಎಂದರು. ನನಗೆ ಎದ್ದು ನಿಂತು ಸುಳ್ಳು ಎನ್ನಬೇಕೆನಿಸಿತು. ಸಭೆಯ ಕೋಣೆಯ ಬಾಗಿಲಿಗೆ ಒಳಗಿನಿಂದ ಹೊಳೆಯುವ ಹಿತ್ತಾಳೆ ಚಿಲಕ ಬಂದಿತ್ತು.

ಸಭೆ ಮುಗಿದು ಹೊರಬರುವಾಗ ಅಧ್ಯಕ್ಷರು ನಮ್ಮ ಹತ್ತಿರ ಬಂದರು. ಮಗಳ ತಲೆ ಸವರಲು ಕೈ ಚಾಚಿದರು. ಅವಳು ಹಿಂದೆ ಸರಿದಳು. "ಪಾಪ, ಆ ವಿಷಯಕ್ಕೆ ಬಾಯಿಯವರ ಕುರ್ಚಿ ಹೋಯ್ತು ನೋಡಿ. ಈಗ ದೊಡ್ಡವಳಾಗಿದ್ದಿ ಅಲ್ವಾ ಮಗಾ? ಅವತ್ತು ನಿಜಕ್ಕೂ ಎಂತ ಆದದ್ದು, ಈಗಲಾದ್ರೂ ಹೇಳ್ಬಹುದಲ್ಲ."

ಮಗಳು ಬಾಯಿ ತೆರೆಯುವವಳಿದ್ದಳು. ನಾನು ಅವರಿಬ್ಬರ ನಡುವೆ ಹೋಗಿ ನಿಂತೆ. ಮೈಸೂರಿನಲ್ಲಿ ಹುಟ್ಟಿ ಬೆಳೆದು, ಮಾತಿಗೆ ಸಕ್ಕರೆ ಹಾಕುವವಳು ಎನ್ನಿಸಿಕೊಂಡ ನನ್ನ ಬಾಯಿಂದ ವಿಜಾಪುರದ ಮಾತು ಬಂತು.

"ಆಕಿ ಹೇಳ್ಯಾಳ" ಎಂದೆ. "ಸಾಕು."