ಗಂಜಿಯಕ್ಕನ ಮೊದಲ ಬಟ್ಟಲು

ಕೊಲ್ಲಿ ನಾಡಿನ ಜುಮೇರಾ ಲೇಕ್ ಟವರ್ಸ್‌ನಲ್ಲಿ ನಮ್ಮ ಕಟ್ಟಡದ ಕೆಳಗೆ ಬೆಳಗಿನ ತಿಂಡಿ ಮಾರುವ ಥಾಯ್ಲೆಂಡಿನ ನೊಯ್, ಮಂಗಳೂರು ಕಡೆಯ ನಮಗೆಲ್ಲ ಗಂಜಿಯಕ್ಕ. ಅಕ್ಕಿ ಕರಗುವವರೆಗೆ ಬೇಯಿಸಿ, ಮೊಟ್ಟೆ ಒಡೆದು ಹಾಕಿ, ಮೇಲೆ ಶುಂಠಿ ಉದುರಿಸಿದ ಆ ತಿಂಡಿಗೆ ಅವರ ಭಾಷೆಯಲ್ಲಿ ಬೇರೆ ಹೆಸರಿದೆ, ನಾವು ಗಂಜಿ ಅಂದರೂ ಅವರಿಗೆ ಬೇಸರವಿಲ್ಲ. ಅವರು ಮುಚ್ಚಳ ತೆಗೆದರೆ ಸಾಕು, ಹಬೆಯಲ್ಲಿ ಎದುರಿನ ಗೋಪುರಗಳು ನೆಲ ಬಿಟ್ಟು ತೇಲತೊಡಗುತ್ತವೆ, ಮೆಟ್ರೋಗೆ ಓಡುವವರು ನಿದ್ದೆಯಲ್ಲಿ ನಡೆಯುವವರಂತೆ ನಿಧಾನವಾಗುತ್ತಾರೆ. ಗುಡ್ ಮಾರ್ನಿಂಗ್ ಅವರ ಬಾಯಲ್ಲಿ ಬಂದದ್ದೇ ಇಲ್ಲ, "ಖಾನಾ ಖಾಯಾ?" ಎಂದು ಊಟ ವಿಚಾರಿಸುವುದೇ ಅವರ ನಮಸ್ಕಾರ. ಇಲ್ಲ ಅಂದವನನ್ನು ಐಸಿಯುಗೆ ಸೇರಿಸಬೇಕಾದ ರೋಗಿಯಂತೆ ನೋಡಿ, ನಮ್ಮ ಬನ್ಸಿಗೆ ತಂಗಿಯಾಗಬಲ್ಲ ಪಾತೊಂಗ್ಕೊವನ್ನು ಎಣ್ಣೆಯಿಂದೆತ್ತಿ ಕೈಗಿಟ್ಟು, ಬಿಸಿ ಸೋಯಾ ಹಾಲು ಕುಡಿಸಿಯೇ ಕಳಿಸುತ್ತಾರೆ. ಆದರೆ ಮೊದಲ ಬಟ್ಟಲು ಗಂಜಿ ಮಾರಾಟಕ್ಕಲ್ಲ. ರಾತ್ರಿ ಪಾಳಿ ಮುಗಿಸಿ ಬರುವ ವಾಚ್‌ಮನ್, ವಿಟ್ಲದ ಕುಂಞಾಲಿ ಕಾಕನಿಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾರೆ, ಅದೂ ಚಪ್ಪಲಿ ಬಿಟ್ಟು. ಯಾಕೆ ಎಂದು ಒಂದು ದಿನ ಕೇಳಿದೆ. "ನಮ್ಮೂರಲ್ಲಿ ಬೆಳಗ್ಗೆ ಬೌದ್ಧ ಭಿಕ್ಷುಗಳು ಬರಿಗಾಲಲ್ಲಿ ಬರ್ತಾರೆ. ಮೊದಲ ಅನ್ನ ಅವರಿಗೆ. ಕೊಡುವವರು ಚಪ್ಪಲಿ ಹಾಕಬಾರದು," ಅಂದರು, "ಇಲ್ಲಿ ಮೊದಲು ಬರೋದು ಇವರು." ಪಕ್ಕದಲ್ಲೇ ಉಣ್ಣುತ್ತಿದ್ದ ಕುಂಞಾಲಿ ಕಾಕ ತಮ್ಮ ಬೂಟನ್ನೊಮ್ಮೆ ನೋಡಿಕೊಂಡರು. ಮರುದಿನ ಡ್ಯೂಟಿ ಬೂಟನ್ನು ಕಂಬದ ಬುಡದಲ್ಲಿ ಬಿಚ್ಚಿಟ್ಟು, ಆ ಹಬೆಯೊಳಗಿಂದ ಬರಿಗಾಲಲ್ಲಿ ನಡೆದು ಬಂದರು.