‘ಬೇಡ ಬಿಡಿ’ ಎಂದು ಕಳೆದುಕೊಂಡ ಕಾರು

ನನ್ನ ತಂಗಿಯ ಕಾರು ಕೈತಪ್ಪಿದ್ದು ಶೋರೂಮಿನವರ ಮೋಸದಿಂದ ಎಂದು ಬಣಕಲ್‌ನಲ್ಲಿ ಈಗಲೂ ನಂಬಿಕೊಂಡವರಿದ್ದಾರೆ. ಅವರಿಗೆ ಹಾಗೆ ಹೇಳಿದವನು ನಾನೇ. ಅಂಗಡಿಗೆ ಬಂದವರನ್ನು ಕೂರಿಸಿಕೊಂಡು, ಟೀ ತರಿಸಿ ಹೇಳಿದ್ದೇನೆ. ಈಗ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಅಕ್ಷರದ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು. ಉಳಿದ ತಪ್ಪನ್ನು ತಿದ್ದಲು ನನ್ನಿಂದಲೇ ಆಗಿಲ್ಲ.

ಬಣಕಲ್‌ನ ಹೆದ್ದಾರಿ ಬದಿಯಲ್ಲಿ ನನ್ನದೊಂದು ಕಾಫಿ, ಕಾಳುಮೆಣಸು ಕೊಳ್ಳುವ ಅಂಗಡಿ ಇದೆ. ತಂಗಿ ಜಾವಳಿಯಲ್ಲಿ ತೋಟ ನೋಡಿಕೊಳ್ಳುತ್ತಾಳೆ. ಮದುವೆ ಆಗಲಿಲ್ಲ, ತೋಟ ಮತ್ತು ಸ್ಟೇರಿಂಗು ಇಷ್ಟು ಸಾಕು ಎಂದಳು. ಕಾಲು ಕ್ಲಚ್ಚಿಗೆ ಎಟುಕುವ ಮೊದಲೇ ಅಪ್ಪನ ಜೀಪು ಓಡಿಸಿದವಳು. ನಾನು ಅದೇ ಜೀಪನ್ನು ಎರಡು ಸಲ ಚರಂಡಿಗೆ ಇಳಿಸಿದೆ. ಇವತ್ತಿಗೂ ನಾನು ಪಿಕಪ್ ರಿವರ್ಸ್ ತೆಗೆಯಬೇಕೆಂದರೆ ಹಿಂದೆ ಇಬ್ಬರು ನಿಂತು ಕೂಗಬೇಕು.

ಮಳೆ ನಿಂತು ಕೊಯ್ಲು ಶುರುವಾಗುವ ಮೊದಲು ನಮ್ಮ ಕಡೆ ಒಂದು ದಿನ ಟಾರು ರಸ್ತೆ ಮುಚ್ಚಿ, ಗುಡ್ಡ ಹತ್ತುವ ಕಾರಿನ ಸ್ಪರ್ಧೆ ನಡೆಸುತ್ತಾರೆ. ಹೆಂಗಸರಿಗೆ ಬೇರೆಯೇ ವಿಭಾಗ ಇರುತ್ತದೆ. ತಂಗಿ ಸುಮಾರು ವರ್ಷಗಳಿಂದ ತನ್ನ ಹಳೆಯ ಕಾರಿನಲ್ಲಿ ಓಡಿಸುತ್ತಿದ್ದಳು. ಒಂದು ವರ್ಷ ಕೂದಲೆಳೆಯಲ್ಲಿ ಮೊದಲ ಸ್ಥಾನ ತಪ್ಪಿ ಎರಡನೆಯವಳಾದಳು. ತಿರುವುಗಳಲ್ಲಿ ಇವಳೇ ಮುಂದಿದ್ದಳಂತೆ. ನೇರ ಏರಿನಲ್ಲಿ ಕಾರು ಉಸಿರು ಬಿಟ್ಟಿತು.

‘ಅಣ್ಣ, ನಲವತ್ತು ಹತ್ರ ಬಂತು ನನಗೆ’ ಎಂದಳು. ‘ಕಣ್ಣು, ಸೊಂಟ ಎಲ್ಲ ಇನ್ನೂ ನನ್ನ ಮಾತು ಕೇಳ್ತವೆ. ಒಂದೇ ಒಂದು ಸಲ ಸರಿಯಾದ ಕಾರಲ್ಲಿ ಓಡ್ಸಿ ನೋಡ್ಬೇಕು. ಸೋತ್ರೆ ಆಗ ನಾನೇ ಸೋತೆ ಅಂತ ಒಪ್ಕೊಳ್ತೀನಿ.’

ಕಾಫಿಗೆ ಒಳ್ಳೆಯ ರೇಟು ಬಂದ ವರ್ಷ ಅದು. ಊರಿನ ಅರ್ಧ ಜನ ಎತ್ತರದ ದೊಡ್ಡ ಗಾಡಿಗಳನ್ನು ತಂದು ಮನೆ ಮುಂದೆ ನಿಲ್ಲಿಸಿದ್ದರು. ತಂಗಿಗೆ ಬೇಕಾಗಿದ್ದು ಎರಡೇ ಬಾಗಿಲಿನ, ಮಳೆಗಾಲದ ಕಪ್ಪೆಯಂತೆ ನೆಲಕ್ಕೆ ಅಂಟಿ ಕೂರುವ ಒಂದು ಸ್ಪೋರ್ಟ್ಸ್ ಕಾರು. ಅದು ಜಾವಳಿಯ ಮನೆಯವರೆಗೆ ಹೋಗುವ ಪ್ರಶ್ನೆಯೇ ಇರಲಿಲ್ಲ, ಮೊದಲ ಕಲ್ಲಿಗೇ ಹೊಟ್ಟೆ ಹರಿದುಕೊಳ್ಳುತ್ತಿತ್ತು. ಅದಕ್ಕೆ ನನ್ನ ಗೋಡೌನಿನಲ್ಲಿ ಜಾಗ ಮಾಡುವುದೆಂದಾಯಿತು. ಮೂಟೆಗಳನ್ನು ಒತ್ತರಿಸಿ, ಗುಡಿಸಿ, ಕಾರಿಲ್ಲದ ಕಾರ್‌ಶೆಡ್ಡನ್ನು ಬಂದವರಿಗೆಲ್ಲ ತೋರಿಸಿದೆ.

ಬುಕ್ ಮಾಡಲು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋದೆವು. ಶೋರೂಮಿನಲ್ಲಿ ಟೈ ಕಟ್ಟಿದ, ನಡು ತಲೆ ಬೋಳಾದ ಒಬ್ಬ ಸೇಲ್ಸ್‌ಮ್ಯಾನ್ ನಮ್ಮನ್ನು ನೋಡಿಕೊಂಡರು. ನೋಡಿಕೊಂಡದ್ದು ನನ್ನನ್ನು.

‘ಬನ್ನಿ ಸರ್, ಯಾವ ಕಲರ್ ಮನಸ್ಸಿನಲ್ಲುಂಟು?’

‘ಕಾರು ಬೇಕಾಗಿರೋದು ನನಗೆ’ ಎಂದಳು ತಂಗಿ. ‘ಇವನು ಆ ಕಾರೊಳಗೆ ಕೂತ್ರೆ ಎಬ್ಬಿಸೋಕೆ ಆಳು ಬೇಕು.’

‘ಆಯ್ತು ಮೇಡಂ, ಆಯ್ತು’ ಎಂದು ನಕ್ಕು, ಮತ್ತೆ ನನ್ನ ಕಡೆಗೇ ತಿರುಗಿದರು. ‘ಸರ್, ಫೈನಾನ್ಸ್ ಹೇಗೆ ಮಾಡುವ?’

ತಂಗಿ ನನ್ನ ಮುಖ ನೋಡಿದಳು. ನಾನು ತಿದ್ದಬೇಕಿತ್ತು. ಆದರೆ ಅಷ್ಟು ತಣ್ಣಗಿನ ಕೋಣೆಯಲ್ಲಿ, ಅಷ್ಟು ಮೆತ್ತನೆಯ ಸೋಫಾದ ಮೇಲೆ ಕೂರಿಸಿ ನನ್ನನ್ನು ಯಾರೂ ಸರ್ ಎಂದಿರಲಿಲ್ಲ. ಕಾಲ ಮೇಲೆ ಕಾಲು ಹಾಕಿಕೊಂಡು, ಮಷೀನಿನ ಕಾಫಿ ಕುಡಿದು, ‘ಚಿಕೋರಿ ಜಾಸ್ತಿಯಾಯ್ತು’ ಎಂದೆ.

‘ಒಂದು ರೌಂಡ್ ಓಡ್ಸಿ ನೋಡ್ಬೋದಾ?’ ತಂಗಿ ಕೇಳಿದಳು.

‘ಓಡಿಸ್ಲಿಕ್ಕೆ ಗಾಡಿ ಇದ್ರೆ ಅದನ್ನೂ ಮಾರಿ ಆಗ್ತಿತ್ತು ಮೇಡಂ. ಅಷ್ಟು ಡಿಮ್ಯಾಂಡ್ ಉಂಟು.’

ತೋರಿಸಲು ಅವರ ಬಳಿ ಇದ್ದದ್ದು ಗೋಡೆಯ ಮೇಲಿನ ಒಂದು ಚಿತ್ರ. ಅದರ ಜೊತೆಗೆ ಒಂದು ಪ್ಯಾಕೇಜಿನ ವಿಷಯ ಹೇಳಿದರು. ಸೀಟ್ ಕವರು, ಕಾಲಡಿಯ ಮ್ಯಾಟು, ಬಣ್ಣದ ಮೇಲೆ ಹಚ್ಚುವ ಯಾವುದೋ ಲೇಪ, ಎಲ್ಲ ಸೇರಿ ಒಂದು ಮೊತ್ತ.

‘ತಗೊಳ್ಳಲೇಬೇಕಾ?’ ಎಂದೆ.

‘ಕಂಪಲ್ಸರಿ ಏನಿಲ್ಲ ಸರ್. ತಗೊಳ್ಳದವರ ಗಾಡಿ ಬರುವುದು ಸ್ವಲ್ಪ ತಡ, ಅಷ್ಟೇ.’

ತಂಗಿ ಹೂಂ ಎಂದುಬಿಟ್ಟಳು. ನನಗೆ ಮಾತ್ರ ಆ ಮ್ಯಾಟು ಗಂಟಲಲ್ಲಿ ಸಿಕ್ಕಿಕೊಂಡಿತು. ದಿನ ಬೆಳಗಾದರೆ ವ್ಯಾಪಾರ ಮಾಡುವವನ ತಲೆಗೇ ಹೀಗೆ ಕಟ್ಟುತ್ತಾರಲ್ಲ ಎಂದು ಹೊಟ್ಟೆ ಉರಿಯಿತು. ಜಾವಳಿಯ ಮನೆ ತಗ್ಗಿನಲ್ಲಿದ್ದು ಮೊಬೈಲ್ ಸಿಗುವುದಿಲ್ಲವಾದ್ದರಿಂದ ಫೋನ್ ನಂಬರ್ ನನ್ನದು ಕೊಟ್ಟೆವು.

ಆಮೇಲೆ ಕಾಯುವುದೇ ಕೆಲಸವಾಯಿತು. ಕೇಳಿದಾಗೆಲ್ಲ ‘ಮುಂದಿನ ತಿಂಗಳು ಸರ್’ ಎನ್ನುವರು. ಕೆಂಪು ಬರುವುದಿಲ್ಲ, ಬಿಳಿ ಆಗಬಹುದಾ ಎಂದರು. ತಂಗಿ ಆಗಬಹುದು ಎಂದ ಮೇಲೆ ಬಿಳಿಯೂ ಇಲ್ಲ ಎಂದರು. ಯಾವುದೋ ಕಾಗದಕ್ಕೆ ಸಹಿ ಬೇಕೆಂದು ಕರೆಸಿದರು. ಸುರಿಯುವ ಮಳೆಯಲ್ಲಿ ಘಾಟಿ ಇಳಿದು ಹೋದರೆ ಸಹಿ ಹಾಕಿಸಿಕೊಳ್ಳುವವರು ರಜೆ ಮೇಲಿದ್ದರು. ತಂಗಿ ಎಲ್ಲಕ್ಕೂ ತಾಳ್ಮೆಯಿಂದಿದ್ದಳು. ನಾನು ಸಿಟ್ಟನ್ನು ಮೆಣಸಿನ ಹಾಗೆ ಒಣಗಿಸಿ ಇಟ್ಟುಕೊಂಡೆ.

ಇಲ್ಲಿ ನನ್ನ ಕಸುಬಿನ ಬಗ್ಗೆ ಸ್ವಲ್ಪ ಹೇಳಬೇಕು. ಬೆಳೆಗಾರ ಒಂದು ಹಿಡಿ ಮೆಣಸನ್ನು ಕಾಗದದಲ್ಲಿ ಕಟ್ಟಿ ತರುತ್ತಾನೆ. ನಾನು ಅಂಗೈಗೆ ಸುರಿದು ಊದುತ್ತೇನೆ, ಒಂದು ಕಾಳು ಕಚ್ಚುತ್ತೇನೆ, ಮುಖ ಹುಳ್ಳಗೆ ಮಾಡಿ ರೇಟು ಹೇಳುತ್ತೇನೆ. ‘ಬೇಡ ಬಿಡಿ’ ಎಂದು ಅವನು ಪೊಟ್ಟಣ ಮಡಚುತ್ತಾನೆ. ‘ಬೇಡ ಅಂದ್ರೆ ಬೇಡ’ ಎಂದು ನಾನು ರಸ್ತೆ ನೋಡುತ್ತೇನೆ. ಅವನು ಎದುರಿನ ಹೋಟೆಲಿಗೆ ಹೋಗಿ ಕೂರುತ್ತಾನೆ. ಸಂಜೆಯೊಳಗೆ ಅವನು ಬರುತ್ತಾನೆ, ಇಲ್ಲವೇ ನಾನು ಕರೆಯುತ್ತೇನೆ. ಮೊದಲ ಮಾತಿಗೇ ಒಪ್ಪಿದರೆ ಮೆಣಸಿನಲ್ಲಿ ಏನೋ ಐಬಿದೆ ಎಂದು ಅನುಮಾನಪಡುತ್ತೇವೆ. ನನ್ನ ಇಷ್ಟು ವರ್ಷದ ವ್ಯಾಪಾರದಲ್ಲಿ ‘ಬೇಡ ಬಿಡಿ’ ಎಂದದ್ದನ್ನು ಬೇಡ ಎಂದು ತಿಳಿದುಕೊಂಡವರು ಒಬ್ಬರೂ ಇಲ್ಲ.

ಗೌರಿ ಹಬ್ಬ ಹತ್ತಿರವಿತ್ತು. ಕಳಸದ ಕಡೆಯ ಬೆಳೆಗಾರರೊಬ್ಬರು ಅಂಗಡಿಯಲ್ಲಿ ಕೂತು ಆಗಲೇ ಒಂದು ಸಲ ಬೇಡ ಬಿಡಿ ಎಂದು, ಎದ್ದು, ಮತ್ತೆ ಕೂತಿದ್ದರು. ಆಗ ಫೋನ್ ಬಂತು.

‘ಸರ್, ಗುಡ್ ನ್ಯೂಸ್! ನಿಮ್ಮ ಗಾಡಿ ಬಂದುಂಟು. ಕೆಂಪೇ. ಸಂಜೆಯೊಳಗೆ ಕನ್ಫರ್ಮ್ ಮಾಡ್ಬೇಕು, ಕ್ಯೂನಲ್ಲಿ ಜನ ಇದ್ದಾರೆ.’

ಎದುರಿಗೆ ಕೂತವರು ಕಿವಿ ನಿಮಿರಿಸಿದ್ದನ್ನು ಕಂಡೆ. ನಾನು ಕುರ್ಚಿಗೆ ಒರಗಿದೆ. ‘ಬಂತಾ? ಸರಿ. ಆ ಮ್ಯಾಟು, ಸೀಟ್ ಕವರು ಎಲ್ಲ ಫ್ರೀ ಮಾಡಿ, ತಗೊಳ್ಳೋಣ.’

‘ಅದು ಆಗುದಿಲ್ಲ ಸರ್.’

‘ಆಗಲ್ಲ ಅಂದ್ರೆ ಕಾರೂ ಬೇಡ ಬಿಡಿ.’

‘ಬೇಡವಾ ಸರ್? ಕ್ಯಾನ್ಸಲ್ ಮಾಡುದಾ?’

‘ಮಾಡಿ ಮಾರಾಯ್ರೆ.’

‘ಮೇಡಂ ಹತ್ರ ಒಮ್ಮೆ ಕೇಳಿ ನೋಡಿ ಸರ್.’

‘ಮೇಡಂ ಹತ್ರ ಏನು ಕೇಳೋದು? ನಾನು ಹೇಳ್ತಾ ಇಲ್ವಾ?’ ಎಂದು ಫೋನ್ ಇಟ್ಟೆ.

ಕಳಸದವರು ಮೆಚ್ಚಿ ತಲೆದೂಗಿದರು. ‘ಹಂಗಿರ್ಬೇಕು ನೋಡಿ. ಸಂಜೆಗೆ ಮಾಡ್ತಾನೆ ಫೋನು.’

‘ಮಾಡದೆ ಎಲ್ಲಿ ಹೋಗ್ತಾನೆ’ ಎಂದೆ.

ಸಂಜೆ ಫೋನ್ ಬರಲಿಲ್ಲ. ಪಾರ್ಟಿ ಗಟ್ಟಿಯಿದೆ ಎಂದುಕೊಂಡೆ. ಮಾರನೆಯ ದಿನವೂ ಬರಲಿಲ್ಲ. ಮಧ್ಯಾಹ್ನ ನಾನೇ ಫೋನ್ ಮಾಡಿದೆ.

‘ಅದು ನಿನ್ನೆಯೇ ಹೋಯ್ತಲ್ಲ ಸರ್’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಚೌಕಾಸಿಯಂತೂ ಇರಲೇ ಇಲ್ಲ. ‘ನೀವು ಬೇಡ ಹೇಳಿದ್ರಲ್ಲ?’

ನಾನು ಬೇಡ ಎಂದದ್ದನ್ನು ಬೇಡ ಎಂದು ತಿಳಿದ ಮೊದಲ ಮನುಷ್ಯ.

ತಂಗಿ ಹಬ್ಬಕ್ಕೆ ಬಂದಳು. ಸೀರೆ ಕೊಟ್ಟೆ. ಅದನ್ನು ಬಿಚ್ಚಿಯೂ ನೋಡದೆ ಕಾರಿನ ಸುದ್ದಿ ಕೇಳಿದಳು. ‘ಬಂದಿತ್ತಂತೆ. ನಮಗೆ ಹೇಳ್ದೆ ಬೇರೆಯವರಿಗೆ ಕೊಟ್ಬಿಟ್ರಂತೆ’ ಎಂದೆ. ಯಾರಿಗೆ ಎಂದಳು. ‘ಯಾರೋ ದೊಡ್ಡವರ ಕಡೆಯವರಂತೆ’ ಎಂದೆ. ಆ ದೊಡ್ಡವರನ್ನು ನಾನು ಆ ಕ್ಷಣದಲ್ಲೇ ಹುಟ್ಟಿಸಿದ್ದೆ. ಒಂದು ವಾರದಲ್ಲಿ ಅವರಿಗೆ ಊರಿನ ಜನ ಪಕ್ಷವನ್ನೂ ಜಾತಿಯನ್ನೂ ಕೊಟ್ಟರು.

ತಂಗಿ ಬಿಡುವವಳಲ್ಲ. ಶೋರೂಮಿಗೇ ಹೋಗಿ ಕೇಳುತ್ತೇನೆ ಎಂದು ಜೀಪು ತೆಗೆದಳು. ಹಿಂದೆ ಉಳಿದರೆ ಇನ್ನೂ ಭಯವೆಂದು ನಾನೂ ಹತ್ತಿದೆ.

‘ನನ್ನ ಸರದಿ ಬಂದಾಗ ನನಗೆ ಯಾಕೆ ಹೇಳ್ಲಿಲ್ಲ?’ ಅವಳು ನಿಂತೇ ಕೇಳಿದಳು. ‘ದೊಡ್ಡವರ ಫೋನು ಬಂದ ಕೂಡ್ಲೆ ನಮ್ಮಂಥವರು ಕಾಣಲ್ವಾ ನಿಮಗೆ?’

ಸೇಲ್ಸ್‌ಮ್ಯಾನ್ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿದ್ದ ಕಾರಿನ ಚಿತ್ರವನ್ನು ಮೊದಲ ಸಲ ಕಾಣುವವನಂತೆ ನೋಡತೊಡಗಿದೆ. ಅವರು ಕಾದರು. ನಾನು ಹೇಳುತ್ತೇನೆ ಎಂದು ಕಾದರು ಅನ್ನಿಸುತ್ತದೆ. ಕೊನೆಗೆ, ‘ನಮ್ಮಿಂದಲೇ ಏನೋ ತಪ್ಪಾಗಿದೆ ಮೇಡಂ, ಸಾರಿ’ ಎಂದರು. ಗಾಜಿನ ಕೋಣೆಯಿಂದ ಮ್ಯಾನೇಜರ್ ಬಂದು ಎಲ್ಲರೆದುರು ಅವರನ್ನು ತುಳುವಿನಲ್ಲಿ ಬೈದರು. ನನಗೆ ತುಳು ಬರುವುದಿಲ್ಲ, ಆದರೂ ಒಂದೊಂದು ಮಾತೂ ಅರ್ಥವಾಯಿತು.

ವಾಪಸು ಬರುವಾಗ ಘಾಟಿ ಅರ್ಧ ಹತ್ತಿದ್ದೆವು. ತಂಗಿ ಕಂಪನಿಯ ದೊಡ್ಡವರಿಗೇ ಬರೆಯುತ್ತೇನೆ, ಆ ಮನುಷ್ಯನನ್ನು ಆ ಕುರ್ಚಿಯಿಂದ ಎಬ್ಬಿಸುತ್ತೇನೆ ಎನ್ನುತ್ತಿದ್ದಳು. ‘ನೀನೂ ಸಾಕ್ಷಿ ಸಹಿ ಹಾಕ್ಬೇಕು ಅಣ್ಣ’ ಎಂದಳು.

‘ಫೋನ್ ಬಂದಿತ್ತು’ ಎಂದೆ. ‘ನಾನೇ ಬೇಡ ಅಂದೆ. ಮ್ಯಾಟ್ ಫ್ರೀ ಕೊಡ್ಲಿ ಅಂತ.’

ಅವಳಿಗೆ ಮೊದಲು ಅರ್ಥವಾಗಲಿಲ್ಲ. ‘ಎಂತ ಮ್ಯಾಟು?’

‘ಕಾಲಿಗೆ ಹಾಕ್ತಾರಲ್ಲ, ಅದು.’

ಜೀಪು ನಿಲ್ಲಿಸಿದಳು. ಮಂಜು ಕಿಟಕಿಯೊಳಗೆ ಬರುತ್ತಿತ್ತು. ಬೈಯುತ್ತಾಳೆ, ಬೈದರೆ ಮುಗಿಯುತ್ತದೆ ಎಂದು ಕಾದೆ. ಅವಳು ಒಂದೇ ಏಟಿಗೆ ಜೀಪನ್ನು ತಿರುಗಿಸಿ ಇಳಿಯತೊಡಗಿದಳು. ಅಷ್ಟು ವರ್ಷ ಅವಳ ಸ್ಪರ್ಧೆಗೆ ನಾನು ಹೋದವನೇ ಅಲ್ಲ. ಕೊಯ್ಲು ಹತ್ತಿರ ಬಂತು, ವ್ಯಾಪಾರ ಎಂದು ನೆಪ ಹೇಳುತ್ತಿದ್ದೆ. ಅವಳು ಹೇಗೆ ಓಡಿಸುತ್ತಾಳೆಂದು ಆ ದಿನ ಗೊತ್ತಾಯಿತು. ಹಳೆಯ ಜೀಪು ಅವಳ ಕೈಯಲ್ಲಿ ದಾರದ ತುದಿಯ ಬುಗುರಿಯಂತೆ ತಿರುಗಿತು. ಒಂದು ಸಲವೂ ಟಯರು ಕಿರುಚಲಿಲ್ಲ. ನಾನು ಎರಡು ಕಡೆ ಇಳಿದು ವಾಂತಿ ಮಾಡಿಕೊಂಡೆ. ಎರಡನೆಯ ಸಲ ಬಗ್ಗಿ ನಿಂತಾಗ, ಇವಳಿಂದ ನಾನು ಏನು ಕಿತ್ತುಕೊಂಡೆ ಎನ್ನುವುದು ಹೊಟ್ಟೆಯಿಂದಲೇ ಮೇಲೆ ಬಂತು.

ಶೋರೂಮ್ ಮುಚ್ಚುವ ಹೊತ್ತಿಗೆ ತಲುಪಿದೆವು. ‘ಹೇಳು’ ಎಂದಳು. ಮ್ಯಾನೇಜರ್, ಸೇಲ್ಸ್‌ಮ್ಯಾನ್, ನೆಲ ಒರೆಸುತ್ತಿದ್ದ ಹೆಂಗಸು ಎಲ್ಲರ ಮುಂದೆ ಹೇಳಿದೆ. ಅಂಗಿಯ ಮೇಲೆ ವಾಂತಿಯ ಕಲೆಯಿತ್ತು. ಈ ಸಲ ಯಾರೂ ಸೋಫಾ ತೋರಿಸಲಿಲ್ಲ.

ಸೇಲ್ಸ್‌ಮ್ಯಾನ್, ‘ನನಗೆ ಆವತ್ತೇ ಡೌಟ್ ಇತ್ತು ಸರ್’ ಎಂದರು. ‘ಇನ್ನೊಮ್ಮೆ ಮಾಡುವ ಅಂತ ಫೋನ್ ತೆಗೆದೆ. ನಿಮ್ಮ ಸಿಟ್ಟು ಕೇಳಿ ಧೈರ್ಯ ಬರ್ಲಿಲ್ಲ.’

ಇನ್ನೊಂದು ಕಾರು ಬರುತ್ತದೆಯೇ ಎಂದು ತಂಗಿ ಕೇಳಿದಳು. ಕಂಪನಿ ಹೊಸ ಬುಕಿಂಗ್ ನಿಲ್ಲಿಸಿತ್ತು. ಅವಳು ಅವರಿಬ್ಬರಿಗೂ ಕೈಮುಗಿದು ಹೊರಗೆ ಬಂದಳು.

ಆ ವರ್ಷವೂ ಹಳೆಯ ಕಾರಿನಲ್ಲೇ ಓಡಿಸಿದಳು. ನನಗೆ ಬರಬೇಡ ಎಂದಿದ್ದಳು. ಹೋದೆ. ಅಂಗಡಿ ಮುಚ್ಚಿ, ಬಸ್ಸು ಹತ್ತಿ ಹೋಗಿ, ಜನರ ಮಧ್ಯೆ ನುಗ್ಗಿ, ಚೆನ್ನಾಗಿ ಕಾಣಲೆಂದು ಒಂದು ತಿರುವಿನ ಒಳಬದಿಯ ಕಲ್ಲಿನ ಮೇಲೆ ನಿಂತೆ. ಕಾರು ಕಂಡ ಕೂಡಲೇ ಎರಡೂ ಕೈ ಬೀಸಿದೆ. ಅದು ನನ್ನ ಹತ್ತಿರ ಬಂದಾಗ ಸ್ವಲ್ಪ ತಡೆದ ಹಾಗಾಯಿತು, ಹೋಯಿತು. ಫಲಿತಾಂಶ ಹೇಳಿದಾಗ ಅವಳು ನಾಲ್ಕನೆಯವಳು.

ಕಾರಿನ ಹತ್ತಿರ ಹೋದೆ. ಅವಳು ಹೆಲ್ಮೆಟ್ ತೆಗೆದು ಬಾನೆಟ್ ಮೇಲಿಟ್ಟಳು. ಶೋರೂಮಿನಿಂದ ಬಂದ ಮೇಲೆ ನನ್ನೊಡನೆ ನೆಟ್ಟಗೆ ಮಾತಾಡಿದ್ದು ಆಗಲೇ.

‘ಆ ತಿರುವಲ್ಲಿ ನನ್ನ ಟೈಮು ಹೋಯ್ತು’ ಎಂದಳು. ‘ಅಲ್ಲಿ ಬ್ರೇಕ್ ತುಳಿಯೋದಿಲ್ಲ ನಾನು. ನೀನು ಕಲ್ಲಿನ ಮೇಲೆ ಕುಣೀತಿದ್ದೆ. ಎಲ್ಲಿ ಜಾರಿ ರಸ್ತೆಗೆ ಬೀಳ್ತೀಯೋ ಅಂತ ಕಾಲು ತಾನೇ ಹೋಯ್ತು.’

‘ತುಳೀಬಾರ್ದಿತ್ತು’ ಎಂದೆ.

‘ತುಳೀಬಾರ್ದಿತ್ತು ಮಾರಾಯ’ ಎಂದು ಅವಳು ಕೈಗವಸು ಬಿಚ್ಚತೊಡಗಿದಳು.