ಆಯುಧಪೂಜೆಯ ಆಕಾಶನೀಲಿ

ನನ್ನ ದೊಡ್ಡಪ್ಪನ ಮಗ, ನಾನು ಅಣ್ಣ ಎಂದೇ ಕರೆಯುತ್ತಿದ್ದವನು, ಕಾರ್ಖಾನೆಯ ಎಲೆಕ್ಟ್ರಿಷಿಯನ್ ಕೆಲಸ ಬಿಟ್ಟು ಪಾಂಡವಪುರದಲ್ಲಿ ಒಂದು ಶೆಡ್ಡು ಹಾಕಿಕೊಂಡ. ಮಂಡಿನೋವಿಗೆ ಶಾಖ ಕೊಡುವ ಕರೆಂಟಿನ ಯಂತ್ರ ಮಾಡುತ್ತೇನೆ ಎಂದ. ಮನೆಯವರೆಲ್ಲ ನಕ್ಕರು. ತೊಂಬತ್ತರ ದಶಕದ ಆ ದಿನಗಳಲ್ಲಿ ಡಿಪ್ಲೊಮಾ ಮುಗಿಸಿ ಸುಮ್ಮನೆ ಕೂತಿದ್ದ ನಾನೊಬ್ಬ ಮಾತ್ರ ನಗದೆ ಅವನ ಜೊತೆ ಹೋದೆ. ನಾನೂ ನಕ್ಕು ಮನೆಯಲ್ಲೇ ಉಳಿದಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತು.

ಮೊದಲ ಯಂತ್ರವನ್ನು ಶ್ರೀರಂಗಪಟ್ಟಣದ ಒಬ್ಬ ಡಾಕ್ಟರ ಕ್ಲಿನಿಕ್ಕಿನಲ್ಲಿ ಇಟ್ಟೆವು. ಮಂಡಿಗಳಿಗೆ ಹಿತವಾಯಿತು, ಬೀದಿಗೆ ಆಗಲಿಲ್ಲ. ಅದನ್ನು ಹಚ್ಚಿದೊಡನೆ ಸುತ್ತಮುತ್ತಲ ಟಿ.ವಿ.ಗಳಲ್ಲೆಲ್ಲ ಅಡ್ಡಗೆರೆ. "ಡಾಕ್ಟ್ರೇ, ಮಿಷಿನ್ ನಿಲ್ಸಿ, ಮ್ಯಾಚ್ ಓಯ್ತಾ ಅದೆ" ಎಂದು ಜನ ಬಾಗಿಲಿಗೇ ಬಂದರು.

ಯಂತ್ರದೊಳಗೆ ಏಳುವ ರೇಡಿಯೋ ಅಲೆಗಳು ಹೊರಗೆ ಸೋರುತ್ತಿದ್ದವು. ಅಣ್ಣ ಹಟಮಾರಿ. ಅದನ್ನು ವಾಪಸು ತಂದು, ತಿಂಗಳುಗಟ್ಟಲೆ ಕೂತು, ಸುತ್ತ ತಗಡಿನ ಪೆಟ್ಟಿಗೆ ಮಾಡಿದ. ಮುಚ್ಚಳದ ತಗಡು ಪೆಟ್ಟಿಗೆಯ ತಗಡಿಗೆ ಎಲ್ಲ ಕಡೆಯೂ ಕಚ್ಚಿಕೊಂಡು ಕೂರುವಂತೆ ಅರದಲ್ಲಿ ಉಜ್ಜಿ ಉಜ್ಜಿ ಹೊಂದಿಸಿದ. ಪಕ್ಕದಲ್ಲಿ ಟಿ.ವಿ. ಇಟ್ಟು ಹಚ್ಚಿ ನೋಡಿದೆವು. ಒಂದು ಗೆರೆಯೂ ಇಲ್ಲ.

"ಈಗ ತೆಪ್ಪಗಾಯ್ತು ನೋಡ್ಲಾ" ಎಂದು ಮುಚ್ಚಳ ತಟ್ಟಿದ.

ಅಲೆ ಸೋರುವುದಿಲ್ಲವೆಂದು ಪರೀಕ್ಷೆಯ ಸರ್ಟಿಫಿಕೇಟು ತಂದರೆ ತಾವೂ ತಮ್ಮ ಗೆಳೆಯರೂ ಸೇರಿ ಹತ್ತು ಯಂತ್ರ ಕೊಳ್ಳುತ್ತೇವೆ, ಇಲ್ಲವಾದರೆ ಒಂದೂ ಬೇಡ ಎಂದರು ಡಾಕ್ಟರು. ಶೆಡ್ಡು ಉಳಿಯುವುದೋ ಮುಚ್ಚುವುದೋ ಆ ಒಂದು ಕಾಗದದ ಮೇಲೆ ನಿಂತಿತು. ಪರೀಕ್ಷಕರು ಬೆಂಗಳೂರಿನಿಂದ ಬರಲು ಒಪ್ಪಿದ್ದು ಆಯುಧಪೂಜೆ ಕಳೆದ ಮೂರನೆಯ ದಿನಕ್ಕೆ.

ಪೂಜೆ ಎಂದರೆ ನಮ್ಮಲ್ಲಿ ಕಬ್ಬಿಣಕ್ಕೆಲ್ಲ ಬಣ್ಣ. ಟ್ರಾಕ್ಟರಿರಲಿ, ಗಾಡಿಯ ಪಟ್ಟಿಯಿರಲಿ, ಹಳೇ ಮುಖದಲ್ಲಿ ಪೂಜೆಗೆ ಕೂರುವಂತಿಲ್ಲ. ಅಣ್ಣ ಬೂದುಗುಂಬಳ ತರಲು ಸಂತೆಗೆ ಹೋದಾಗ ನಾನು ಯಂತ್ರದ ಸ್ಕ್ರೂಗಳನ್ನೆಲ್ಲ ಬಿಚ್ಚಿದೆ. ಮುಚ್ಚಳದ ಒಳಗೂ ಹೊರಗೂ, ಅಂಚನ್ನೂ ಬಿಡದೆ, ಎರಡೆರಡು ಸಲ ಆಕಾಶನೀಲಿ ಹೊಡೆದು, ಒಣಗಿಸಿ ಮತ್ತೆ ಕೂರಿಸಿದೆ. ಹಿಂದಿರುಗಿದ ಅಣ್ಣ ಸ್ವಲ್ಪ ಹೊತ್ತು ನಿಂತು ನೋಡಿ, "ಮದ್ವೆ ಎಣ್ಣಂಗೆ ಮಾಡ್ಬುಟ್ಟಲ್ಲೋ" ಎಂದ. ನನಗೆ ಹೆಮ್ಮೆಯೋ ಹೆಮ್ಮೆ. ಅರಿಶಿನ ಕುಂಕುಮ ಇಟ್ಟು ಪೂಜಿಸಿದ ಯಂತ್ರವನ್ನು ಪರೀಕ್ಷೆಯ ತನಕ ಮತ್ತೆ ಹಚ್ಚಲಿಲ್ಲ.

ಪರೀಕ್ಷೆಗೆ ತಂತಿ, ಕಟ್ಟಡ ಯಾವುದೂ ಇಲ್ಲದ ಬಯಲು ಬೇಕಿತ್ತು. ಪಾಂಡವಪುರದಲ್ಲಿ ಎಲ್ಲಿ ನೋಡಿದರೂ ಕಬ್ಬು, ಪಂಪ್‌ಸೆಟ್ಟು, ತಂತಿ. ಹಾಗಾಗಿ ನಾಗಮಂಗಲದ ಕಡೆ ನೆಂಟರೊಬ್ಬರ ಬೀಳು ಹೊಲಕ್ಕೆ ಟೆಂಪೋದಲ್ಲಿ ಒಯ್ದು, ದೂರದಿಂದ ಕೇಬಲ್ಲು ಎಳೆದೆವು. ರೋಗಿಯ ಮಂಡಿಯ ಬದಲಿಗೆ ಉಪ್ಪುನೀರು ತುಂಬಿದ ಪ್ಲಾಸ್ಟಿಕ್ ಕ್ಯಾನು ಇಟ್ಟೆವು. ಪರೀಕ್ಷಕರು ಆಚೆ ಆಂಟೆನಾ ನಿಲ್ಲಿಸಿ ಮೀಟರು ನೋಡಿದರು. ಮುಳ್ಳು ಮಿತಿ ದಾಟಿ ಹೋಗಿ ನಿಂತಿತು. ಯಂತ್ರ ತಿರುಗಿಸಿಟ್ಟು ನೋಡಿದರೂ ಅದೇ. "ಇಲ್ಲಪ್ಪ, ಆಗಲ್ಲ" ಎಂದು ಫೇಲು ಬರೆದುಕೊಟ್ಟರು.

ಅಣ್ಣ ಕ್ಯಾನಿನ ಪಕ್ಕ ಬಿಸಿಲಲ್ಲೇ ಕುಕ್ಕರಿಸಿದ. "ನನ್ ಲೆಕ್ಕಾನೇ ತಪ್ಪು ಕಣ್ಲಾ. ಓದ್ದೋನಲ್ಲ ನಾನು" ಎಂದ. ಶೆಡ್ಡಿಗೆ ಹೋಗಿ ಇನ್ನೊಮ್ಮೆ ನೋಡೋಣ ಎಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ.

ಆಮೇಲೆ ಅವನು ಶೆಡ್ಡಿಗೆ ಬೀಗ ಹಾಕಿ ಕೆ.ಆರ್.ಪೇಟೆಯ ಅಕ್ಕಿ ಗಿರಣಿಯೊಂದರಲ್ಲಿ ಮೋಟಾರು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ನನಗೆ ಒಂದು ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಒಂದು ದಿನ ಅಲ್ಲಿನ ಮೇಷ್ಟ್ರು ಹುಡುಗರಿಗೆ ಇಂಥದೇ ಪೆಟ್ಟಿಗೆ ತೋರಿಸುತ್ತಾ, ಅಂಚಿಗೆ ಬಣ್ಣ ಬಿದ್ದರೆ ತಗಡಿಗೆ ತಗಡು ತಾಗುವುದಿಲ್ಲ, ಅಲೆಯೆಲ್ಲ ಆ ಸಂದಿಯಲ್ಲೇ ಸೋರುತ್ತದೆ ಎಂದರು.

ಆ ಭಾನುವಾರವೇ ಶೆಡ್ಡಿನ ಬೀಗ ತೆಗೆದು, ಚಾಕುವಿನಲ್ಲಿ ಅಂಚಿನ ನೀಲಿಯನ್ನೆಲ್ಲ ಕೆರೆದು, ಮುಚ್ಚಳ ಕೂರಿಸಿ ಹಚ್ಚಿದೆ. ಟಿ.ವಿ.ಯಲ್ಲಿ ಒಂದು ಗೆರೆಯೂ ಇಲ್ಲ. ಕೂತು ಅತ್ತೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವನು ನಾನು, ಉಂಡವನು ಅವನು.

ಹೇಳಿಬಿಡಬೇಕೆಂದೇ ಕೆ.ಆರ್.ಪೇಟೆಗೆ ಬಸ್ಸು ಹತ್ತಿದೆ. ತೌಡಿನ ಧೂಳು ಮೆತ್ತಿದ ಮುಖದಲ್ಲೇ ನಕ್ಕು ಅಣ್ಣ ಟೀ ತರಿಸಿದ. ನಾನು ಬಾಯಿ ತೆರೆಯುವ ಮೊದಲೇ ಅವನೇ ಶುರುಮಾಡಿದ.

"ಆ ಮಿಷಿನ್ನ ಗುಜ್ರಿಗೆ ಆಕ್ಬುಡ್ಲಾ. ನಾ ಮಾಡಿದ್ದೆಲ್ಲಾ ತಪ್ಪೇಯ. ನೀ ಒಡ್ದಿದ್ ಬಣ್ಣ ಒಂದೇ ಸರ್ಯಾಗಿದ್ದಿದ್ದು."

ನಾನು ಟೀ ಕುಡಿದು ಮುಗಿಸಿದೆ. ಹೇಳಲಿಲ್ಲ.